ಹಳೇ ಪಿಕಪ್ಪಿನ ಎಂಜಿನ್: ಹಾಫ್ ಕೆಲಸವೋ, ಫುಲ್ ಕೆಲಸವೋ, ಬೇರೆ ಎಂಜಿನ್ನೇ ಕೂರಿಸುವುದೋ?

ಕಳೆದ ಮಳೆಗಾಲದಿಂದ ಈಚೆಗೆ ಮೂರು ಜನ ನನ್ನ ಹತ್ತಿರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದಾರೆ. ಒಬ್ಬರು ಮಲ್ಪೆ ಬಂದರಿನಿಂದ ಮೀನು ಸಾಗಿಸುವವರು. ಇನ್ನೊಬ್ಬರು ಬೆಳ್ತಂಗಡಿ ಕಡೆಯವರು, ತೆಂಗಿನಕಾಯಿ, ಅಡಿಕೆ ತುಂಬಿಕೊಂಡು ವಾರಕ್ಕೆರಡು ಸಲ ಚಾರ್ಮಾಡಿ ಘಾಟಿ ಹತ್ತುವವರು. ಮೂರನೆಯವನು ಮಣಿಪಾಲದಲ್ಲಿ ಕೆಲಸದಲ್ಲಿರುವ ಹುಡುಗ. ಸೋದರಮಾವನ ಹಟ್ಟಿಯ ಪಕ್ಕ ನಾಲ್ಕು ವರ್ಷ ಸುಮ್ನೆ ನಿಂತಿದ್ದ ಪಿಕಪ್ಪನ್ನು ಎಳೆದು ತಂದಿದ್ದಾನೆ.

"ಗಾಡಿ ಎಳೆಯುವುದಿಲ್ಲ, ಹೊಗೆ ಜಾಸ್ತಿ. ಹೇಗೂ ಎಂಜಿನ್ ಬಿಚ್ಚುವುದೇ ಆದರೆ ಮೊದಲಿಗಿಂತ ಜೋರಾಗಿ ಓಡುವ ಹಾಗೆ ಮಾಡಿಸಬಹುದಲ್ವಾ?"

ಮಾಡಿಸಬಹುದು. ಆದರೆ ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅಂತ ಒಮ್ಮೆ ಬರೆದುಬಿಟ್ಟರೆ ಉಳಿದವರಿಗೂ ಉಪಯೋಗ ಆದೀತು. ನಮ್ಮ ಮನೆಯಲ್ಲೂ ಹಳೇ ಮಹೀಂದ್ರ ಪಿಕಪ್ ಇದೆ. ಅದರ ಎಂಜಿನ್ ಎರಡು ಸಲ ಇಳಿಸಿದ್ದೇವೆ. ಮೊದಲನೇ ಸಲ ದಡ್ಡತನ ಮಾಡಿದೆವು, ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಇಷ್ಟು ಯೋಚಿಸಿ

ಮೊದಲನೆಯದು, ಗಾಡಿಗೆ ಏನು ಕೆಲಸ? "ಜೋರು" ಅಂದರೆ ಒಬ್ಬೊಬ್ಬರಿಗೆ ಒಂದೊಂದು. ಹೆದ್ದಾರಿ 66ರಲ್ಲಿ ಮಂಜುಗಡ್ಡೆ, ಬಂಗುಡೆ ತುಂಬಿಕೊಂಡು ಓಡುವ ಗಾಡಿಗೆ ಬೇಕಾಗಿರುವುದು ಒಂದು ದಿನವೂ ನಿಲ್ಲದ ಎಂಜಿನ್. ಘಾಟಿ ಹತ್ತುವ ಗಾಡಿಗೆ ಎರಡನೇ ಗೇರಿನಲ್ಲಿ, ಕಡಿಮೆ ವೇಗದಲ್ಲಿ, ಬಿಸಿಯಾಗದೆ ಎಳೆಯುವ ಶಕ್ತಿ ಬೇಕು. ಅದು ಟಾರ್ಕ್, ಕುದುರೆಶಕ್ತಿಯ ಲೆಕ್ಕವೇ ಬೇರೆ.

ಇಲ್ಲಿ ಹಳೇ ಎಂಜಿನ್ನಿನ ಜಾತಕ ಗೊತ್ತಿದ್ದರೆ ಒಳ್ಳೆಯದು. ಮಹೀಂದ್ರದ ಹಳೇ ಡಿಐ ಎಂಜಿನ್ 2523 ಸಿಸಿ. ಬೋರ್ (ಸಿಲಿಂಡರಿನ ಅಗಲ) 88.9 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 101.6 ಮಿಮೀ. ಈ ವಿಚಿತ್ರ ಅಳತೆ ಎಲ್ಲಿಂದ ಬಂತು? ಇಂಚಿಗೆ ಬದಲಾಯಿಸಿ ನೋಡಿ, ಸರಿಯಾಗಿ ಮೂರೂವರೆ ಇಂಚು ಮತ್ತು ನಾಲ್ಕು ಇಂಚು. ಇದರ ಮೂಲ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಟ್ರ್ಯಾಕ್ಟರ್ ಎಂಜಿನ್. ಉದ್ದ ಸ್ಟ್ರೋಕ್, ನಿಧಾನ ನಡಿಗೆ. ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಕ) ಇರುವ ಮಾದರಿಯಲ್ಲಿ ಕೂಡ 63 ಕುದುರೆಶಕ್ತಿ ಅಷ್ಟೇ, ಆದರೆ 180 ನ್ಯೂಟನ್ ಮೀಟರ್ ಟಾರ್ಕ್ 1500 ಆರ್‌ಪಿಎಂ ಆಸುಪಾಸಿನಲ್ಲೇ ಸಿಗುತ್ತದೆ. ಇದು ಗದ್ದೆ ಉಳುವ ಕೋಣ. ಕಂಬಳದ ಓಟದ ಕರೆಗೆ ಇಳಿಸಿ ಓಡಿಸಿದರೆ ಸ್ವಲ್ಪ ದೂರ ಓಡೀತು, ಆಮೇಲೆ ಮಂಡಿ ಊರುತ್ತದೆ.

ಎರಡನೆಯದು ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು. ಎಂಜಿನ್ನಿಗೆ ಹಣ ಹಾಕುವ ಮೊದಲು ಗಾಡಿಯ ಅಡಿಗೆ ಹೋಗಿ. ಕಡಲ ಗಾಳಿಯ ಉಪ್ಪು, ಮೀನಿನ ಪೆಟ್ಟಿಗೆಯಿಂದ ಸೋರುವ ನೀರು, ಸಾಲದ್ದಕ್ಕೆ ನಾಲ್ಕು ತಿಂಗಳ ಮಳೆ. ಒಂದು ಸಣ್ಣ ಸುತ್ತಿಗೆ ತೆಗೆದುಕೊಂಡು ಚಾಸಿಯ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಒಳಗಿಂದ ತುಕ್ಕು ತಿಂದದ್ದು ಡಬ್ ಅನ್ನುತ್ತದೆ, ಕೆಳಗೆ ಪದರ ಪದರ ಉದುರುತ್ತದೆ. ಹಿಂದಿನ ಪಟ್ಟಾ ಸ್ಪ್ರಿಂಗಿನ ಬ್ರಾಕೆಟ್ ಇರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂತ ಜಾಗ, ಈ ಎರಡು ಕಡೆ ಡಬ್ ಅಂದರೆ ಎಂಜಿನ್ ಮಾತು ಬಿಡಿ. ಮೊದಲು ಅದನ್ನು ಸರಿ ಮಾಡಿಸಿ, ಇಲ್ಲಾ ಗಾಡಿ ಕೊಟ್ಟುಬಿಡಿ.

ಮೂರನೆಯದು, ಗಾಡಿ ಒಂದು ದಿನ ನಿಂತರೆ ನಿಮಗೆಷ್ಟು ನಷ್ಟ? ಬಾಡಿಗೆ ಗಾಡಿಯವರಿಗೆ ಇದು ಎಂಜಿನ್ ಖರ್ಚಿನಷ್ಟೇ ದೊಡ್ಡ ಲೆಕ್ಕ. ಹವ್ಯಾಸಕ್ಕೆ ಇಟ್ಟುಕೊಂಡವರಿಗೆ ಸೊನ್ನೆ.

ನಾಲ್ಕನೆಯದು ಕಾಗದಪತ್ರ. ಆರ್‌ಸಿಯಲ್ಲಿ ಬರೆದ ಎಂಜಿನ್ ನಂಬರ್, ಇಂಧನ, ಸಿಸಿ ಎಲ್ಲ ಗಾಡಿಯ ಒಳಗಿರುವುದಕ್ಕೆ ತಾಳೆ ಆಗಬೇಕು. ಹಳದಿ ಬೋರ್ಡಿನ ಗಾಡಿಗೆ 8 ವರ್ಷ ದಾಟಿದ ಮೇಲೆ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇಕು, ಹಾಗಾಗಿ ಮಂಗಳೂರಿನ ಕೆಎ 19 ಇರಲಿ, ಉಡುಪಿಯ ಕೆಎ 20 ಇರಲಿ, ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಕೊನೆಗೆ ಹಣ. ರೂಪಾಯಿಯಲ್ಲಿ ಹೇಳಿದರೆ ಗಾಡಿಯಿಂದ ಗಾಡಿಗೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಆರು ತಿಂಗಳಲ್ಲಿ ಸುಳ್ಳಾಗುತ್ತದೆ. ಅದಕ್ಕೆ ನಾನು ಪಾಲಿನ ಲೆಕ್ಕ ಇಟ್ಟುಕೊಂಡಿದ್ದೇನೆ. ಹಾಫ್ ಎಂಜಿನ್ ಕೆಲಸಕ್ಕೆ ನಿಮ್ಮ ಮೇಸ್ತ್ರಿ ಹೇಳುವ ಮೊತ್ತ ಒಂದು ಪಾಲು ಅಂದುಕೊಳ್ಳಿ. ಉಳಿದದ್ದೆಲ್ಲ ಅದರ ಎಷ್ಟು ಪಟ್ಟು ಅಂತ ಹೇಳುತ್ತಾ ಹೋಗುತ್ತೇನೆ.

ಬಿಚ್ಚುವ ಮೊದಲೇ ಗೊತ್ತಾಗುವ ಸಂಗತಿಗಳು

ಹೊಗೆ ಬಂದ ಕೂಡಲೇ "ರಿಂಗ್ ಹೋಗಿದೆ" ಅನ್ನುವ ಮೇಸ್ತ್ರಿ ಇದ್ದಾರೆ (ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂತು ಸಂದು ಮುಚ್ಚುವ ಬಳೆ). ಸ್ವಲ್ಪ ತಡೆಯಿರಿ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ಡೀಸೆಲ್ ಸಿಂಪಡಿಸುವ ನಾಝಲ್ ಹನಿ ಬೀಳಿಸುತ್ತಿರಬಹುದು, ಟರ್ಬೋ ಪೈಪು ಸೀಳಿರಬಹುದು. ನೀಲಿ ಹೊಗೆ ಆದರೆ ಆಯಿಲ್ ಸುಡುತ್ತಿದೆ. ಆದರೆ ಆ ಆಯಿಲ್ ರಿಂಗಿನಿಂದಲೇ ಬರಬೇಕು ಅಂತಿಲ್ಲ, ವಾಲ್ವ್ ಸೀಲಿನಿಂದಲೂ ಟರ್ಬೋ ಸೀಲಿನಿಂದಲೂ ಬರುತ್ತದೆ. ಟರ್ಬೋದಿಂದ ಎಂಜಿನ್ನಿಗೆ ಹೋಗುವ ಗಾಳಿ ಪೈಪ್ ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿ. ಆಯಿಲ್ ತೊಟ್ಟಿಕ್ಕುತ್ತಿದ್ದರೆ ಮೊದಲ ಅನುಮಾನ ಟರ್ಬೋ ಮೇಲೆ.

ಎಂಜಿನ್ ಬಿಸಿಯಾದ ಮೇಲೆ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ರೈಲು ಎಂಜಿನ್ನಿನ ಹಾಗೆ ಬುಸು ಬುಸು ಹೊಗೆ ತಳ್ಳುತ್ತಿದ್ದರೆ ಅದೇ ನಮ್ಮವರು ಹೇಳುವ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನ ಒತ್ತಡ ಪಿಸ್ಟನ್ ದಾಟಿ ಕೆಳಗೆ ಸೋರುವುದು. ಆಮೇಲೆ ನಾಝಲ್ ತೆಗೆದು ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ನಾಲ್ಕೂ ಒಂದೇ ಸಮ ಸ್ವಲ್ಪ ಕಡಿಮೆ ಇದ್ದರೆ ಸಹಜ ಸವೆತ. ಮೂರು ಸರಿಯಾಗಿದ್ದು ಒಂದು ಮಾತ್ರ ನೂರಕ್ಕೆ ಹದಿನೈದರಷ್ಟು ಕೆಳಗೆ ಕೂತಿದ್ದರೆ ಅಲ್ಲೇನೋ ಆಗಿದೆ: ವಾಲ್ವ್ ಸುಟ್ಟಿರಬಹುದು, ಗ್ಯಾಸ್ಕೆಟ್ ಹೋಗಿರಬಹುದು, ರಿಂಗ್ ತುಂಡಾಗಿರಬಹುದು. ಡ್ಯಾಶ್‌ಬೋರ್ಡಿನ ಕೆಂಪು ದೀಪ ನಂಬಬೇಡಿ. ಮುಳ್ಳಿನ ಗೇಜ್ ಹಾಕಿಸಿ, ಬಿಸಿ ಎಂಜಿನ್ನಿನ ಆಯಿಲ್ ಪ್ರೆಷರ್ ನೋಡಿ. ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಅನ್ನುವುದು ಹಳಬರ ಒರಟು ಲೆಕ್ಕ.

ಇಷ್ಟಕ್ಕೆ ಅರ್ಧ ದಿನ ಬೇಕು. ನಮ್ಮ ಮಲ್ಪೆಯವರ ಗಾಡಿಯ ಅರ್ಧ ಕಾಯಿಲೆ ಇಲ್ಲೇ ವಾಸಿಯಾಯಿತು. ಎರಡು ನಾಝಲ್ ಹಾಳು, ಫಿಲ್ಟರ್ ಬದಲಿಸಿ ಯಾವ ಕಾಲವಾಯಿತೋ! ಅಷ್ಟು ಸರಿ ಮಾಡಿದ ಮೇಲೆ ಕಪ್ಪು ಹೊಗೆ ಹೋಯಿತು, ಬ್ಯಾಕ್ ಕಂಪ್ರೆಷನ್ ಮಾತ್ರ ಉಳಿಯಿತು.

ಹಾಫ್ ಎಂಜಿನ್ ಕೆಲಸ: ಒಂದು ಪಾಲು

ಎಂಜಿನ್ ಗಾಡಿಯಲ್ಲೇ ಇರುತ್ತದೆ. ಹೆಡ್ (ಎಂಜಿನ್ನಿನ ಮೇಲ್ಭಾಗ) ಎತ್ತಿ, ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ, ಪಿಸ್ಟನ್ ಹೊರಗೆ ತೆಗೆದು ರಿಂಗ್, ಕನೆಕ್ಟಿಂಗ್ ರಾಡ್ ಬೇರಿಂಗ್, ಗ್ಯಾಸ್ಕೆಟ್ ಸೆಟ್ ಹಾಕಿ, ವಾಲ್ವ್ ಗ್ರೈಂಡಿಂಗ್ ಮಾಡಿ ಮುಚ್ಚುವುದು. ಮೇಸ್ತ್ರಿ ಬಿಡುವಾಗಿದ್ದರೆ ಮೂರು ನಾಲ್ಕು ದಿನ.

ಇದು ಕೆಟ್ಟ ಕೆಲಸ ಅಲ್ಲ. ಜಾಗ ತಪ್ಪಿ ಮಾಡಿದಾಗ ಮಾತ್ರ ಕೆಟ್ಟದ್ದು. ಪಿಸ್ಟನ್ ತೆಗೆದ ಮೇಲೆ ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರು ಎಳೆದು ನೋಡಿ. ರಿಂಗ್ ಓಡಾಡಿದ ಜಾಗ ಸವೆದು, ಅದರ ಮೇಲೆ ಸಣ್ಣ ಮೆಟ್ಟಿಲಿನ ಹಾಗೆ ಉಳಿದಿರುತ್ತದೆ. ಉಗುರು ಗಟ್ಟಿಯಾಗಿ ಸಿಕ್ಕಿಕೊಂಡರೆ ಹೊಸ ರಿಂಗ್ ಹಾಕಿ ಪ್ರಯೋಜನ ಇಲ್ಲ. ಮೇಲೆ ಅಗಲ, ಕೆಳಗೆ ಕಿರಿದಾದ ಬೋರಿನಲ್ಲಿ ರಿಂಗ್ ಪ್ರತಿ ಸುತ್ತಿಗೂ ಹಿಗ್ಗಿ ಕುಗ್ಗಿ ದಣಿಯುತ್ತದೆ. ಆ ಮೆಟ್ಟಿಲಿಗೆ ತಾಗಿ ಮುರಿದರೂ ಮುರಿದೀತು. ಆರು ತಿಂಗಳಲ್ಲಿ ಮತ್ತದೇ ಹೊಗೆ.

ಉಗುರಿಗೆ ಏನೂ ಸಿಗದೆ, ಬೋರ್ ಅಳತೆ ಮ್ಯಾನುಯಲ್ ಹೇಳಿದ ಮಿತಿಯೊಳಗೇ ಇದ್ದರೆ ಹಾಫ್ ಕೆಲಸ ಧಾರಾಳವಾಗಿ ಮಾಡಿಸಿ. ಇನ್ನೆರಡು ವರ್ಷ ಓಡಿಸಿ ಗಾಡಿ ಮಾರುವ ಯೋಚನೆ ಇದ್ದವರಿಗೂ ಇದೇ ಸಾಕು. ಹೊಸ ಶಕ್ತಿ ಏನೂ ಬರುವುದಿಲ್ಲ, ಕಳಕೊಂಡದ್ದರಲ್ಲಿ ಒಂದಿಷ್ಟು ವಾಪಸ್ ಬರುತ್ತದೆ ಅಷ್ಟೇ.

ಫುಲ್ ಎಂಜಿನ್ ಕೆಲಸ: ಎರಡೂವರೆಯಿಂದ ಮೂರು ಪಾಲು

ಎಂಜಿನ್ ಪೂರ್ತಿ ಇಳಿಸಿ, ಬ್ಲಾಕ್ ಬರಿದು ಮಾಡಿ, ಬೋರ್ ಹೊಡೆಸುವುದು (ಸಿಲಿಂಡರ್ ಕೊರೆದು ಅಗಲ ಮಾಡುವುದು) ಅಥವಾ ಲೈನರ್ (ಸಿಲಿಂಡರಿನ ಒಳಕೊಳವೆ) ಬದಲಿಸುವುದು, ಹೊಸ ಪಿಸ್ಟನ್, ಕ್ರ್ಯಾಂಕ್ (ಪಿಸ್ಟನ್ನಿನ ಓಟದಿಂದ ತಿರುಗುವ ದಂಡ) ಗ್ರೈಂಡಿಂಗ್, ಎಲ್ಲ ಬೇರಿಂಗ್, ಆಯಿಲ್ ಪಂಪ್, ಹೆಡ್ ಫೇಸಿಂಗ್, ಜೊತೆಗೆ ಡೀಸೆಲ್ ಪಂಪ್ ಮತ್ತು ನಾಝಲ್ ಕ್ಯಾಲಿಬ್ರೇಶನ್. ಎರಡು ವಾರ ಇಟ್ಟುಕೊಳ್ಳಿ. ಬಿಡಿಭಾಗ ಬೆಂಗಳೂರಿನಿಂದ ಬರಬೇಕಾದರೆ ಮೂರು.

ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ಹಳೇ ಪಿಕಪ್ಪಿಗೆ ಇದೇ ಸರಿ. "ಮೊದಲಿಗಿಂತ ಜೋರು" ಅನ್ನುವವರಿಗೂ ನಾನು ಮೊದಲು ಹೇಳುವುದು ಇದನ್ನೇ. ಎರಡು ಲಕ್ಷ ಕಿಲೋಮೀಟರ್ ಓಡಿದ ಎಂಜಿನ್ ಹೊಸದರಲ್ಲಿ ಹೇಗಿತ್ತು ಅನ್ನುವುದು ನಿಮಗೆ ಮರೆತೇಹೋಗಿರುತ್ತದೆ. ಸರಿಯಾದ ಅಳತೆಗೆ ಕೂರಿಸಿದ ಮಾಮೂಲಿ ಎಂಜಿನ್ ನೋಡಿ "ಏನು ಹಾಕಿಸಿದ್ರಿ ಮಾರಾಯ್ರೆ?" ಅಂತ ಕೇಳುವವರಿದ್ದಾರೆ.

ಆದರೆ ಸರಿಯಾದ ಅಳತೆ ಅನ್ನುವ ಮಾತಿನಲ್ಲೇ ಎಲ್ಲ ಇದೆ. ಬೋರ್ ಅಳೆಯುವಾಗ ಪ್ರತಿ ಸಿಲಿಂಡರಿನಲ್ಲಿ ಮೇಲೆ, ಮಧ್ಯ, ಕೆಳಗೆ. ಪ್ರತಿ ಜಾಗದಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಒಂದಕ್ಕೆ ಆರು, ನಾಲ್ಕಕ್ಕೆ 24 ಅಳತೆ. ಲೇತಿನವರು (ಬೋರ್, ಕ್ರ್ಯಾಂಕ್ ಅರೆದುಕೊಡುವ ಅಂಗಡಿಯವರು) ಈ 24 ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅದು ಒಳ್ಳೇ ಅಂಗಡಿ. "ಎಲ್ಲಾ ಸರಿ ಉಂಟು" ಅಂತ ಬಾಯಲ್ಲಿ ಹೇಳಿದರೆ ಇನ್ನೊಂದು ಅಂಗಡಿ ಹುಡುಕಿ.

ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಹೊಡೆಸಬೇಡಿ. ಪಿಸ್ಟನ್ ತಂದು, ಅದನ್ನು ಅಳೆದು, ಅದಕ್ಕೆ ಬೇಕಾದಷ್ಟು ಸಂದು ಬಿಟ್ಟು ಬೋರ್ ಮುಗಿಸಬೇಕು. ರಿಂಗನ್ನೂ ಬೋರಿನೊಳಗೆ ಇಳಿಸಿ ಬಾಯಿ ಎಷ್ಟು ಬಿಟ್ಟಿದೆ ಅಂತ ಫೀಲರ್ ಗೇಜಿನಲ್ಲಿ ನೋಡಬೇಕು. ಮೂರೂವರೆ ಇಂಚಿನ ಬೋರಿಗೆ ಮೇಲಿನ ರಿಂಗಿನ ಬಾಯಿ ಹೆಚ್ಚುಕಡಿಮೆ 0.35 ಮಿಮೀ, ಆದರೆ ನಿಮ್ಮ ಮ್ಯಾನುಯಲ್ ಹೇಳಿದ್ದೇ ಕೊನೆಯ ಮಾತು. ಬಾಯಿ ತೀರಾ ಕಿರಿದಾದರೆ ಬಿಸಿಗೆ ಹಿಗ್ಗಿದ ರಿಂಗಿನ ಎರಡೂ ತುದಿ ಒಂದಕ್ಕೊಂದು ಗುದ್ದಿ ಬೋರನ್ನೇ ಗೀರುತ್ತವೆ.

ಕ್ರ್ಯಾಂಕ್ ವಿಷಯದಲ್ಲಿ ಲೇತಿನ ಭಾಷೆ ಗೊತ್ತಿರಲಿ. ಸ್ಟ್ಯಾಂಡರ್ಡ್, 10, 20, 30. ಹತ್ತು ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಹತ್ತು ಪಾಲು, ಸುಮಾರು ಕಾಲು ಮಿಮೀ ಅರೆದದ್ದು. 10ಕ್ಕೆ, 20ಕ್ಕೆ ಹೆದರಬೇಕಾಗಿಲ್ಲ. 30 ಆಗಿದ್ದರೆ ಮುಂದಿನ ಸಲಕ್ಕೆ ಏನೂ ಉಳಿಯುವುದಿಲ್ಲ ಅಂತಲೇ ಲೆಕ್ಕ ಹಾಕಿ. ಜರ್ನಲ್ಲಿನ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಜಾಗದ) ಮೂಲೆಯಲ್ಲಿ ಒಂದು ಸಣ್ಣ ಗುಂಡಗಿನ ತಿರುವು ಇರುತ್ತದೆ, ಅರೆಯುವಾಗ ಅದನ್ನು ಹಾಗೇ ಉಳಿಸಬೇಕು. ಮೂಲೆ ಚೂಪಾದರೆ ಕ್ರ್ಯಾಂಕ್ ತುಂಡಾಗುವುದು ಅಲ್ಲೇ. ಬೇರಿಂಗ್ ಸಡಿಲವಾಯಿತು ಅಂತ ಅದರ ಕ್ಯಾಪಿಗೆ ಅರ ಹಾಕುವವರನ್ನು ನೋಡಿದರೆ ಗಾಡಿ ಎತ್ತಿಕೊಂಡು ಓಡಿಬನ್ನಿ.

ಪಿಸ್ಟನ್, ರಿಂಗಿಗೆ ಗೋಟ್ಜೆ, ಉಷಾ, ಐಪಿಎಲ್ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಈ ಐಪಿಎಲ್ ಕ್ರಿಕೆಟ್ ಅಲ್ಲ, ಇಂಡಿಯಾ ಪಿಸ್ಟನ್ಸ್! ಯಾವುದು ತಂದರೂ ನಾಲ್ಕೂ ಒಂದೇ ಸೆಟ್ ಇರಲಿ, ಬಿಲ್ ಇರಲಿ. ಡೂಪ್ಲಿಕೇಟ್ ಪ್ಯಾಕೆಟ್ ಹಾವಳಿ ಇದೆ.

ಈಗ ನಮ್ಮ ಮನೆಯ ಕಥೆ. ಮೊದಲನೇ ಸಲ ಕ್ರ್ಯಾಂಕ್ 10ಕ್ಕೆ ಅರೆಸಿ, ಬೋರ್ ಹೋನಿಂಗ್ (ಕಲ್ಲಿನಲ್ಲಿ ಸಣ್ಣಗೆ ಉಜ್ಜುವುದು) ಮಾಡಿಸಿ ತಂದೆವು. ಅಂಗಡಿಯವರು "ತೊಳೆದೇ ಕೊಟ್ಟಿದ್ದೇವೆ" ಅಂದರು. ನಾವು ಡೀಸೆಲ್ ಹಾಕಿ ಒಮ್ಮೆ ಒರೆಸಿ ಜೋಡಿಸಿದೆವು. 1,300 ಕಿಲೋಮೀಟರ್ ಆಗಿತ್ತು, ಪಡುಬಿದ್ರಿ ದಾಟುವಾಗ ಕೆಳಗಿಂದ ಟಕ ಟಕ ಸದ್ದು ಶುರು. ಬಿಚ್ಚಿ ನೋಡಿದರೆ ಬೇರಿಂಗ್ ಮೇಲೆಲ್ಲ ಗೀರು. ಕ್ರ್ಯಾಂಕಿನ ಆಯಿಲ್ ತೂತಿಗೆ ಸಪೂರ ಬ್ರಷ್ ಹಾಕಿ ಎಳೆದರೆ ಬೂದು ಬಣ್ಣದ ಹಿಟ್ಟಿನಂಥದ್ದು ಬಂತು. ಬೆರಳಲ್ಲಿ ತಿಕ್ಕಿದರೆ ಮರಳು ಮರಳು. ಅರೆದ ಕಲ್ಲಿನ ಪುಡಿ, ಕಬ್ಬಿಣದ ಪುಡಿ. 10 ಇದ್ದ ಕ್ರ್ಯಾಂಕ್ 20ಕ್ಕೆ ಹೋಯಿತು, ಹಣ ಎರಡನೇ ಸಲ ಹೋಯಿತು. ಅಂಗಡಿಯವರ ತಪ್ಪು ಎಷ್ಟೋ, ಒರೆಸಿ ಮುಚ್ಚಿದ ನಮ್ಮ ತಪ್ಪೂ ಅಷ್ಟೇ.

ಎರಡನೇ ಸಲ ನಾನೇ ಕೂತು ತೊಳೆದೆ. ಡೀಸೆಲ್, ಸೀಮೆ ಎಣ್ಣೆ ಜಿಡ್ಡು ತೆಗೆಯುತ್ತವೆ, ಹೋನಿಂಗ್ ಪುಡಿ ಮಾತ್ರ ಬೋರಿನ ಗೀರಿನಲ್ಲೇ ಉಳಿಯುತ್ತದೆ. ಅದಕ್ಕೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್ ಬೇಕು. ತೊಳೆದು, ಒಣಗಿಸಿ, ಹೊಸ ಆಯಿಲ್ ಅದ್ದಿದ ಬಿಳಿ ಪಂಚೆ ತುಂಡಿನಲ್ಲಿ ಒರೆಸಿದೆ. ಮೊದಲ ತುಂಡು ಬೂದಿ. ಮತ್ತೆ ತೊಳೆದೆ. ಐದನೇ ತುಂಡು ಬೆಳ್ಳಗೆ ಬಂತು. ನಮ್ಮೂರಿನ ಗಾಳಿಗೆ ಬರೀ ಕಬ್ಬಿಣ ಸ್ವಲ್ಪ ಹೊತ್ತಿನಲ್ಲೇ ಕೆಂಪಗಾಗುತ್ತದೆ, ಹಾಗಾಗಿ ಒಣಗಿದ ಕೂಡಲೇ ಆಯಿಲ್ ಸವರಬೇಕು. ಆ ಎಂಜಿನ್ ಈಗಲೂ ಓಡುತ್ತಿದೆ.

ಫುಲ್ ಕೆಲಸದ ಮೇಲೆ ಶಕ್ತಿ: ನಾಲ್ಕರಿಂದ ಆರು ಪಾಲು

ಘಾಟಿ ಹತ್ತುವವರು, ಹವ್ಯಾಸದವರು ಇಬ್ಬರೂ ಕೇಳುವುದು ಇದನ್ನು. ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿ ಅಂದರೆ ಜಾಸ್ತಿ ಗಾಳಿ, ಅದಕ್ಕೆ ತಕ್ಕಷ್ಟು ಜಾಸ್ತಿ ಡೀಸೆಲ್, ಹುಟ್ಟಿದ ಬಿಸಿ ಹೊರಗೆ ಹೋಗುವ ದಾರಿ. ಈ ಮೂರರಲ್ಲಿ ಡೀಸೆಲ್ ಮಾತ್ರ ಜಾಸ್ತಿ ಮಾಡುವುದು ಅಗ್ಗದ ದಾರಿ: ಪಂಪಿನ ಒಂದು ಸ್ಕ್ರೂ ತಿರುಗಿಸಿದರಾಯಿತು. ಹಿಂದೆ ಬರುವವನ ಮುಖಕ್ಕೆ ಕಪ್ಪು ಹೊಗೆ, ಒಳಗೆ ಪಿಸ್ಟನ್ ತಲೆಗೆ ಬೆಂಕಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಟರ್ಬೋ ಬಾಯಿಯಲ್ಲಿ ಹೊಗೆಯ ಬಿಸಿ 700 ದಾಟಿ ಹಾಗೇ ನಿಂತರೆ ಪಿಸ್ಟನ್ ಜಾಸ್ತಿ ದಿನ ಬಾಳುವುದಿಲ್ಲ. ಎಮಿಷನ್ ಟೆಸ್ಟಿನಲ್ಲೂ ಸಿಕ್ಕಿಬೀಳುತ್ತೀರಿ.

ಹಣ ಹಾಕುವ ಕ್ರಮ ನನ್ನ ಪ್ರಕಾರ ಹೀಗೆ. ಮೊದಲು ರೇಡಿಯೇಟರ್. ಹಳೆಯದರ ಕೋರ್ ಬದಲಿಸಿ, ಸಾಧ್ಯ ಇದ್ದರೆ ಒಂದು ಸಾಲು ಜಾಸ್ತಿ ಇರುವುದು. ಬಾವಿ ನೀರು ತುಂಬುವ ಅಭ್ಯಾಸ ಬಿಡಿ, ಕಡಲ ಹತ್ತಿರದ ಬಾವಿಯದ್ದಂತೂ ಬೇಡವೇ ಬೇಡ. ಕೂಲೆಂಟ್ ಹಾಕಿ. ಯಾರೋ ಕಿತ್ತೆಸೆದ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ತಡೆಯುವ ಬಿಲ್ಲೆ) ಮತ್ತೆ ಹಾಕಿಸಿ. "ಅದಿಲ್ಲದಿದ್ದರೆ ತಣ್ಣಗಿರ್ತದೆ" ಅನ್ನುವವರಿದ್ದಾರೆ, ಆದರೆ ಬಿಸಿಯೇ ಏರದ ಎಂಜಿನ್ ಬೇಗ ಸವೆಯುತ್ತದೆ.

ಆಮೇಲೆ ಇಂಟರ್‌ಕೂಲರ್. ಟರ್ಬೋ ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ಬಿಸಿ ಗಾಳಿ ತೆಳು. ತಣ್ಣಗಾದರೆ ಅದೇ ಜಾಗದಲ್ಲಿ ಜಾಸ್ತಿ ಗಾಳಿ ಹಿಡಿಯುತ್ತದೆ, ಪಿಸ್ಟನ್ನಿಗೂ ತಂಪು. ಇಂಟರ್‌ಕೂಲರ್ ಇಲ್ಲದ ಹಳೇ ಟರ್ಬೋ ಗಾಡಿಗೆ ಇದರಿಂದ ಸಿಗುವಷ್ಟು ಲಾಭ ಬೇರೆ ಯಾವುದರಿಂದಲೂ ಇಲ್ಲ. ಅದರ ಸಂದಿಯಲ್ಲಿ ಉಪ್ಪು, ದೂಳು ಕೂರುತ್ತದೆ, ತಿಂಗಳಿಗೊಮ್ಮೆ ಮೆಲ್ಲಗೆ ನೀರು ಬಿಡಬೇಕು.

ಬ್ಯಾಲೆನ್ಸಿಂಗಿಗೆ ಹಣಕ್ಕಿಂತ ತಾಳ್ಮೆ ಬೇಕು. ನಾಲ್ಕು ಪಿಸ್ಟನ್, ನಾಲ್ಕು ರಾಡ್ ತೂಕ ಒಂದೇ ಇದ್ದಷ್ಟೂ ಎಂಜಿನ್ ನಡುಕ ಕಡಿಮೆ. ನಾನು ಅತ್ತಿಗೆ ಕೇಕ್ ಮಾಡಲು ಇಟ್ಟುಕೊಂಡಿದ್ದ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ. ಪಿಸ್ಟನ್ ನಾಲ್ಕೂ ಮೂರು ಗ್ರಾಮಿನೊಳಗೆ ಬಂದವು. ರಾಡ್ ಒಂದು 11 ಗ್ರಾಂ ಜಾಸ್ತಿ ಇತ್ತು, ಲೇತಿನಲ್ಲಿ ಸರಿ ಮಾಡಿಸಿದೆವು. ತಕ್ಕಡಿಗೆ ಗ್ರೀಸ್ ತಾಗಿದ್ದಕ್ಕೆ ಹೊಸ ತಕ್ಕಡಿ ತಂದುಕೊಡಬೇಕಾಯಿತು, ಅದು ಬೇರೆ ಖರ್ಚು.

ದೊಡ್ಡ ಟರ್ಬೋ, ಫೋರ್ಜ್ಡ್ (ಒತ್ತಿ ಗಟ್ಟಿ ಮಾಡಿದ) ಪಿಸ್ಟನ್, ಹೆಡ್ ಪೋರ್ಟಿಂಗ್ (ಹೆಡ್ಡಿನ ಗಾಳಿ ದಾರಿ ಸರಾಗ ಮಾಡುವುದು) ಕೊನೆಗೆ. ಪಿಕಪ್ಪಿಗೆ ದೊಡ್ಡ ಟರ್ಬೋ ನನಗೆ ಅಷ್ಟಕ್ಕಷ್ಟೆ. ಅದು ಗಾಳಿ ತುಂಬಲು ಹೆಚ್ಚು ಆರ್‌ಪಿಎಂ ಬೇಡುತ್ತದೆ. ಆಗುಂಬೆಯ 14 ತಿರುವಿನಲ್ಲಿ ನೀವು ಪ್ರತಿ ಸಲ ವೇಗ ಕಳಕೊಂಡು ಮತ್ತೆ ಕೆಳಗಿನಿಂದ ಎಳೆಯಬೇಕು, ಟರ್ಬೋ ಎಚ್ಚರ ಆಗುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಮೂಲ ಅಳತೆಯ ಒಳ್ಳೇ ಟರ್ಬೋ ಸಾಕು. ಮತ್ತೆ, ಶಕ್ತಿ ಜಾಸ್ತಿ ಮಾಡಿದ ಮೇಲೆ ಕ್ಲಚ್, ಬ್ರೇಕ್ ಹಳೆಯದೇ ಇದ್ದರೆ? ಹತ್ತಿದ್ದನ್ನು ಇಳಿಯಲೂ ಬೇಕಲ್ಲ. ಐದು ಪಾಲು ಬಜೆಟ್ ಇದ್ದರೆ ಅದರಲ್ಲಿ ಒಂದು ಪಾಲು ಬ್ರೇಕಿಗೆ, ಕ್ಲಚ್ಚಿಗೆ ಅಂತ ಮೊದಲೇ ಎತ್ತಿಡಿ.

ಬೇರೆ ಎಂಜಿನ್ ಕೂರಿಸುವುದು

ಇದರಲ್ಲಿ ಎರಡು ಬಗೆ. ಒಂದು, ಅದೇ ಮಾದರಿಯ ಇನ್ನೊಂದು ಎಂಜಿನ್ ಗುಜರಿಯಿಂದ ತಂದು ಕೂರಿಸುವುದು. ಎರಡು ಪಾಲು ಆದೀತು, ಎರಡು ದಿನದಲ್ಲಿ ಗಾಡಿ ರಸ್ತೆಗೆ. ಬ್ಲಾಕ್ ಸೀಳಿದವರಿಗೆ, ಕ್ರ್ಯಾಂಕ್ ತುಂಡಾದವರಿಗೆ ಇದು ದಾರಿ. ಆದರೆ ಗುಜರಿ ಎಂಜಿನ್ ಅಂದರೆ ಮುಚ್ಚಿದ ಮುಷ್ಟಿ. ಸ್ಟಾರ್ಟ್ ಮಾಡಿ ತೋರಿಸದ ಎಂಜಿನ್ನಿಗೆ ಹಣ ಕೊಡಬೇಡಿ. ಅದು ಬಂದ ಗಾಡಿಯ ಆರ್‌ಸಿ, ಗುಜರಿಯ ಬಿಲ್, ಎಂಜಿನ್ ನಂಬರ್ ಮೂರೂ ಕೈಗೆ ಬರಬೇಕು. ಅರ ಹಾಕಿ ಅಳಿಸಿದ ನಂಬರ್ ಕಂಡರೆ ಅಲ್ಲಿಂದಲೇ ವಾಪಸ್.

ಇನ್ನೊಂದು, ಬೇರೆ ಮಾದರಿಯ, ಜಾಸ್ತಿ ಶಕ್ತಿಯ ಎಂಜಿನ್. ಮಣಿಪಾಲದ ಹುಡುಗನ ಕನಸು ಇದೇ: ಸ್ಕಾರ್ಪಿಯೋದ ಎಂಹಾಕ್. 2179 ಸಿಸಿ, 120 ಕುದುರೆಶಕ್ತಿ, 290 ನ್ಯೂಟನ್ ಮೀಟರ್. ಕಾಗದದ ಮೇಲೆ ಕುದುರೆಶಕ್ತಿ ಹಳೆಯದರ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಅದು ಕಾಮನ್ ರೈಲ್ ಎಂಜಿನ್, ಅದರಲ್ಲಿ ಡೀಸೆಲ್ ಸಿಂಪಡಿಸುವುದನ್ನು ಕಂಪ್ಯೂಟರ್ ನಡೆಸುತ್ತದೆ. ಎಂಜಿನ್ ಜೊತೆ ಇಸಿಯು (ಆ ಕಂಪ್ಯೂಟರ್), ವೈರಿಂಗ್ ಪೂರ್ತಿ, ಸೆನ್ಸರ್‌ಗಳು, ಕೀಲಿಯ ಲಾಕ್ ವ್ಯವಸ್ಥೆ, ಗೇರ್‌ಬಾಕ್ಸ್, ಮೌಂಟಿಂಗ್ ಎಲ್ಲ ಬರಬೇಕು. ಏಳೆಂಟು ಪಾಲು ಅಂತ ಶುರುವಾದದ್ದು ಎಲ್ಲಿ ನಿಲ್ಲುತ್ತದೋ ಹೇಳಲಾಗದು.

ಕಾನೂನು ಅದಕ್ಕಿಂತ ದೊಡ್ಡ ಅಡ್ಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ಕಂಪನಿಯ ಅದೇ ಬಗೆಯ ಎಂಜಿನ್ ಆದರೆ ಆರ್‌ಟಿಒ ಒಪ್ಪಿಗೆ ಪಡೆದು ನಂಬರ್ ಬದಲಿಸಿಕೊಳ್ಳುವ ದಾರಿ ಇದೆ. ಕೆಲಸಕ್ಕೆ ಕೈ ಹಾಕುವ ಮೊದಲೇ ಕಚೇರಿಗೆ ಹೋಗಿ ಕೇಳಿ, ಎಂಜಿನ್ ಕೂರಿಸಿದ ಮೇಲಲ್ಲ. ಒಪ್ಪಿಗೆ ಇಲ್ಲದ ಎಂಜಿನ್ ಹಾಕಿದ ಗಾಡಿ ಅಪಘಾತ ಆದರೆ ವಿಮೆ ಕಂಪನಿಗೆ ಬೇರೆ ನೆಪವೇ ಬೇಕಾಗಿಲ್ಲ.

ಆ ಮೂವರಿಗೆ ಏನು ಹೇಳಿದೆ

ಮಲ್ಪೆಯವರ ಚಾಸಿ ಹಿಂದುಗಡೆ ಡಬ್ ಅಂದಿತ್ತು, ಬೋರ್ ಮಿತಿಯೊಳಗೇ ಇತ್ತು. ಮೊದಲು ಬ್ರಾಕೆಟ್ ವೆಲ್ಡಿಂಗ್, ಆಮೇಲೆ ಹಾಫ್ ಕೆಲಸ, ಉಳಿದ ಹಣದಲ್ಲಿ ರೇಡಿಯೇಟರ್ ಮಾಡಿಸಿ ಅಂದೆ. ಆ ಗಾಡಿಗೆ ಇನ್ನು ಮೂರು ವರ್ಷಕ್ಕಿಂತ ಆಯಸ್ಸಿಲ್ಲ, ಐದು ಪಾಲು ಸುರಿದರೆ ಎಂಜಿನ್ ಬದುಕುತ್ತದೆ, ಗಾಡಿ ಸಾಯುತ್ತದೆ.

ಬೆಳ್ತಂಗಡಿಯವರಿಗೆ ಫುಲ್ ಕೆಲಸ, ಜೊತೆಗೆ ರೇಡಿಯೇಟರ್, ಇಂಟರ್‌ಕೂಲರ್, ಹೊಸ ಕ್ಲಚ್. ಡೀಸೆಲ್ ಪಂಪ್ ಮಾತ್ರ ಕಂಪನಿ ಇಟ್ಟ ಅಳತೆಯಲ್ಲೇ ಇರಲಿ. ಹೆಚ್ಚುಕಡಿಮೆ ನಾಲ್ಕು ಪಾಲು. ಅವರ ಗಾಡಿ ಒಳನಾಡಿನದ್ದು, ಚಾಸಿ ಗಟ್ಟಿ ಇದೆ, ಹತ್ತು ವರ್ಷ ಓಡಿಸುತ್ತಾರೆ. ಬಜೆಟ್ ಸಾಲದಿದ್ದರೆ ಇಂಟರ್‌ಕೂಲರ್ ಮುಂದಿನ ವರ್ಷ ಹಾಕಿಸಬಹುದು, ಕ್ರ್ಯಾಂಕ್ ಮತ್ತು ಬೋರ್ ಮಾತ್ರ ಅರ್ಧಕ್ಕೆ ಬಿಡುವಂತಿಲ್ಲ.

ಹುಡುಗನ ಜೊತೆ ಜಾಸ್ತಿ ವಾದ ಆಯಿತು. ಅವನಿಗೆ ಆತುರ ಇಲ್ಲ, ಗಾಡಿಯಿಂದ ಸಂಪಾದನೆಯೂ ಬೇಕಾಗಿಲ್ಲ. ಹಾಗಿದ್ದ ಮೇಲೆ ಇರುವ ಎಂಜಿನ್ನನ್ನೇ ತೂಕ ಹಾಕಿ, ಅಳೆದು, ನಿಧಾನವಾಗಿ ಕಟ್ಟು ಅಂದೆ. ಉಡುಪಿಯಿಂದ ಮಣಿಪಾಲದ ಏರು ಮೂರನೇ ಗೇರಿನಲ್ಲಿ ಸದ್ದಿಲ್ಲದೆ ಹತ್ತಿದರೆ ಅದೇ ಮಜಾ. ಎಂಹಾಕ್ ಆಸೆ ಅವನು ಪೂರ್ತಿ ಬಿಟ್ಟ ಹಾಗೆ ಕಾಣುವುದಿಲ್ಲ. ಆರ್‌ಟಿಒಗೆ ಹೋಗಿ ಕೇಳಿ ಬರುತ್ತೇನೆ ಅಂದಿದ್ದಾನೆ, ಹೋಗಿ ಬರಲಿ.

ಕೆಲಸ ಆದ ಮೇಲೆ, ಮತ್ತು ಕೆಲಸ ಯಾವಾಗ

ಯಾವುದನ್ನೇ ಆರಿಸಿ, ಮೊದಲ ಸ್ಟಾರ್ಟಿಗೆ ಮುಂಚೆ ಡೀಸೆಲ್ ಬಂದ್ ಮಾಡಿ ಸ್ಟಾರ್ಟರಿನಲ್ಲಿ ತಿರುಗಿಸಿ ಆಯಿಲ್ ಪ್ರೆಷರ್ ಬರಿಸಿ. ಒಂದೇ ಸಲ ಎಳೆಯಬೇಡಿ, ಸ್ಟಾರ್ಟರ್ ಸುಟ್ಟೀತು, ಬಿಟ್ಟು ಬಿಟ್ಟು ತಿರುಗಿಸಿ. ಹೊಸ ಎಂಜಿನ್ನನ್ನು ಗಂಟೆಗಟ್ಟಲೆ ನಿಂತಲ್ಲೇ ಓಡಿಸುವುದು ಹಳೇ ಪದ್ಧತಿ, ಅದರಿಂದ ರಿಂಗ್ ಬೋರಿಗೆ ಹೊಂದುವ ಬದಲು ಬೋರ್ ಹೊಳಪಾಗಿ ಜಾರಲು ಶುರುವಾಗುತ್ತದೆ. ರಸ್ತೆಗೆ ತನ್ನಿ. ಹಗುರ ಲೋಡ್, ಏರಿಳಿಯುವ ವೇಗ, 500 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲು. ತೆಗೆದ ಫಿಲ್ಟರನ್ನು ಕತ್ತರಿಸಿ ಮಡಿಕೆ ಬಿಡಿಸಿ ನೋಡಿ, ಮಿನುಗುವ ಪುಡಿ ಕಂಡರೆ ಅಲ್ಲೇ ನಿಲ್ಲಿಸಿ. ಮೊದಲ ಸಾವಿರ ಕಿಲೋಮೀಟರ್ ಘಾಟಿ ಬೇಡ. ಘಾಟಿ ಹತ್ತಿ ನಿಂತಾಗ ಟರ್ಬೋ ಗಾಡಿಯನ್ನು ಒಂದೆರಡು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ.

ಇನ್ನು ಸಮಯ. ಮೀನಿನ ಗಾಡಿಯವರಿಗೆ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನ ಹೇಗೂ ಗಾಡಿಗೆ ಕೆಲಸ ಕಡಿಮೆ. ಆದರೆ ಅದೇ ದಿನಗಳಲ್ಲಿ ಬೋಟಿನವರೂ ತಮ್ಮ ಎಂಜಿನ್ ಇಳಿಸುತ್ತಾರೆ. ಜೂನ್ ಎರಡನೇ ವಾರ ಲೇತ್ ಅಂಗಡಿಗೆ ಹೋದರೆ ಬಾಗಿಲಲ್ಲೇ ಆರಾಳು ಹೊರುವಂಥ ಬೋಟಿನ ಕ್ರ್ಯಾಂಕುಗಳು ಸಾಲಾಗಿ ಮಲಗಿರುತ್ತವೆ, ನಿಮ್ಮ ಸಣ್ಣ ಕ್ರ್ಯಾಂಕಿಗೆ ಜಾಗ ಸಿಗುವುದು ಜುಲೈ ಕೊನೆಗೆ. ಮೇ ತಿಂಗಳಲ್ಲೇ ಅಳತೆ ಮಾಡಿಸಿ, ಪಿಸ್ಟನ್ ತರಿಸಿಟ್ಟು, ಲೇತಿನವರ ಹತ್ತಿರ ದಿನ ಹೇಳಿಟ್ಟುಕೊಳ್ಳಿ.